ಬಾವಿ ದಾರೀಲೇ ಬಾ

ದೀಪ ಸಣ್ಣ ಮಾಡಿ, ಹತ್ತಿರ ಬನ್ನಿ. ಇದು ಕಟ್ಟಿದ ಕತೆಯಲ್ಲ. ದೊಡ್ಡನೆಕ್ಕುಂದಿಯಲ್ಲಿ ನಮ್ಮ ಪಕ್ಕದ ಮನೆ ಹಂಸಂಗೆ ಆದದ್ದು. ತೊಂಬತ್ತೆಂಟನೇ ಇಸವಿ ಇರಬೇಕು.

ಅವತ್ತು ಹಂಸ ಶಿವಾಜಿನಗರಕ್ಕೆ ಹೋಗಿ ಸ್ವೆಟರ್ ತಗೊಂಡು ಬರೋ ಹೊತ್ತಿಗೆ ಕತ್ತಲಾಗಿತ್ತು. ಕರೆಂಟ್ ಬೇರೆ ಇಲ್ಲ. ಬಸ್ ಇಳಿದು ಹಳೇ ಬಾವಿ ದಾರಿ ಹಿಡಿದಳು. ಆ ಬಾವಿಗೆ ಕಲ್ಲು ಮಣ್ಣು ತುಂಬಿ, ಮೇಲೆ ಚಪ್ಪಡಿ ಎಳೆದು ಎಷ್ಟೋ ವರ್ಷವಾಗಿತ್ತು.

ಅವಳ ಎದೆಯಲ್ಲಿ ಒಂದೇ ಗುಟ್ಟು. ಬೆಳಗಿನ ಜಾವ ಮುತ್ತಣ್ಣನ ಜೊತೆ ಓಡಿಹೋಗೋದು. ಕೋಲಾರದ ಅಂತರಗಂಗೆ ಬೆಟ್ಟ ಹತ್ತಿ ಅಲ್ಲೇ ತಾಳಿ ಕಟ್ಟಿಸಿಕೊಳ್ಳೋದು. ಮುತ್ತಣ್ಣ ರಾಯಚೂರು ಕಡೆಯವನು, ಅವಳಪ್ಪನ ವಠಾರದಲ್ಲೇ ಬಾಡಿಗೆಗಿದ್ದ. "ಬೆಟ್ಟದ ಮ್ಯಾಲ ಥಂಡಿ ಭಾಳ ಇರ್ತದ, ಸ್ವೆಟರ್ ತಗೋ" ಅಂತ ಅವನೇ ಹೇಳಿದ್ದ.

ಹಿಂದೆ ಸದ್ದು. ಪಚಕ್... ಪಚಕ್... ಒದ್ದೆ ಸೀರೆ ಕಾಲಿಗೆ ಬಡಿಯೋ ಸದ್ದು.

ಹಂಸ ನಿಂತಳು. ಸದ್ದೂ ನಿಂತಿತು.

"ಬಟ್ಟೆ ಎಲ್ಲಾ ಕಟ್ಟಿಟ್ಕೊಂಡ್ಯಾ ಮಗಾ?"

ಕಿವಿ ಪಕ್ಕದಲ್ಲೇ ಪಿಸುಮಾತು.

"ಯಾ... ಯಾರು?"

"ನಾಳೆ ಈ ದಾರೀಲೇ ಬಾ. ನಿಮ್ಮಪ್ಪ ಹಿಂದೆ ಬರ್ತಾನೆ. ಬರ್ಲಿ... ಬಿಡು."

ಭುಜದ ಮೇಲೆ ತಣ್ಣನೆ ಕೈ. ಹಂಸ ಓಡಿದಳು.

ಮನೆಯಲ್ಲಿ ಮಂಚದ ಕೆಳಗಿಂದ ಬ್ಯಾಗ್ ಎಳೆದು ಸೀರೆ ತುಂಬುತ್ತಿದ್ದಾಗ ಅವಳ ತಾಯಿ ಆಂಜನಮ್ಮ ಮೋಂಬತ್ತಿ ಹಿಡಿದು ಒಳಗೆ ಬಂದರು. ಬೈಯಲಿಲ್ಲ. ಮಗಳ ಭುಜವನ್ನೇ ನೋಡಿದರು. ರವಿಕೆ ಮೇಲೆ ಒದ್ದೆ ಬೆರಳಚ್ಚು.

"ಬಾವಿ ಹತ್ರ ಬಂದ್ಯಾ?"

"ಯಾರಮ್ಮ ಅದು?"

"ನಿಮ್ಮತ್ತೆ... ನಿಮ್ಮಪ್ಪನ ತಂಗಿ ಧನಲಕ್ಷ್ಮಿ. ಅವಳೂ ಹೀಗೇ ಬಟ್ಟೆ ಕಟ್ಟಿಟ್ಟಿದ್ಲು, ಇಸ್ತ್ರಿ ಅಂಗಡಿ ಹುಡುಗನ ಜೊತೆ ಹೋಗೋಕೆ. ಅವನೂ ಆಮೇಲೆ ಕಾಣ್ಲಿಲ್ಲ."

"ನೀರು ಸೇದೋಕೆ ಹೋಗಿ ಜಾರಿದ್ರು ಅಂತಿದ್ರಿ?"

"ಊರಿಗೆ ಹಾಗಂದ್ವಿ. ನಿಮ್ಮಪ್ಪ ಆ ರಾತ್ರಿ ಅವಳ ಹಿಂದೆ ಹೋದ್ರು. ಒಬ್ರೇ ವಾಪಸ್ ಬಂದ್ರು." ಆಂಜನಮ್ಮ ಸ್ವೆಟರ್ ಮಡಚಿ ತಾವೇ ಬ್ಯಾಗಿಗಿಟ್ಟರು. "ನೀನು ಹೋಗು. ಬಾವಿ ದಾರಿ ಮಾತ್ರ ಬೇಡ ಕಣೆ. ಫ್ಯಾಕ್ಟರಿ ಕಾಂಪೌಂಡ್ ಪಕ್ಕ ಹೋಗು."

ಹಂಸಂಗೆ ನಿದ್ದೆ ಹತ್ತಲಿಲ್ಲ. ಶುಕ್ರವಾರ ಶುಕ್ರವಾರ ತಂಗಿ ಫೋಟೋಗೆ ಹೂ ಮುಡಿಸಿ ಕಣ್ಣೊರೆಸಿಕೊಳ್ಳೋ ಅಪ್ಪ... ಆ ಅಪ್ಪ.

ಬೆಳಗಿನ ಜಾವ ಎದ್ದಳು. ಚಿಲಕವನ್ನು ಮೆಲ್ಲಗೆ ತೆಗೆಯಬಹುದಿತ್ತು. ತೆಗೆಯಲಿಲ್ಲ. ಕಿರ್ರ್... ಅಂತ ಬೇಕಂತಲೇ ಎಳೆದಳು. ಹಿಡಿದದ್ದು ಬಾವಿ ದಾರಿ.

ಸ್ವಲ್ಪ ದೂರಕ್ಕೇ ಹಿಂದೆ ಚಪ್ಪಲಿ. ಚರಕ್, ಚರಕ್, ಚರಕ್. ಅವಳಪ್ಪ ಮುನಿಆಂಜನಪ್ಪ, ಕೈಯಲ್ಲಿ ಕಬ್ಬಿಣದ ಸರಳು.

"ನಿಲ್ಲೇ! ಅವಳ ಗತೀನೇ ನಿಂಗೂ ಬೇಕಾ?"

ಆಗ ಚಪ್ಪಡಿ ಕೆಳಗೆ... ಗುಳುಂ... ಗುಳುಂ... ಬಿಂದಿಗೆ ಮುಳುಗೋ ಸದ್ದು. ಮಣ್ಣು ತುಂಬಿದ ಬಾವಿ ಸ್ವಾಮಿ ಅದು!

"ಅಣ್ಣಾ... ನನ್ ಬಟ್ಟೆ ಕಟ್ಕೊಡ್ತೀಯಾ?"

ಈ ಸಲ ಪಿಸುಮಾತಲ್ಲ. ಸರಳು ಕಲ್ಲಿನ ಮೇಲೆ ಬಿತ್ತು. ಠಣ್. ಆಮೇಲೆ ಅಪ್ಪನ ದನಿ, ಚಿಕ್ಕ ಮಗು ಹಾಗೆ, "ಹೂಂ... ಹೂಂ..." ಅಂತ.

ಹಂಸ ತಿರುಗಿ ನೋಡಲಿಲ್ಲ. ರಸ್ತೆಯಲ್ಲಿ ಮುತ್ತಣ್ಣ ಆಟೋ ಹಿಡಿದು ಕಾಯುತ್ತಿದ್ದ. ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಕೋಲಾರದ ಬಸ್ ಹತ್ತಿದರು. ಬಿಸಿಲೇರೋ ಹೊತ್ತಿಗೆ ಬೆಟ್ಟದ ಮೇಲೆ ತಾಳಿ ಆಯಿತು.

ದೀಪಾವಳಿಗೆ ಗಂಡ ಹೆಂಡತಿ ಮನೆಗೆ ಬಂದರು. ಮುನಿಆಂಜನಪ್ಪ ಬದುಕಿದ್ದರು. ಯಾರ ಗುರುತೂ ಸಿಗುತ್ತಿರಲಿಲ್ಲ. ಸಂಜೆಯಾದರೆ ಬೀರುವಿನಿಂದ ಹೆಂಗಸರ ಸೀರೆ ತೆಗೆದು ಮಡಚಿ, ತಂಗಿಯ ಹಳೇ ಬ್ಯಾಗಿಗೆ ತುಂಬೋದು. ಒಂದು ಮಡಿಕೆ ಸೊಟ್ಟಗಾದರೆ ಎಲ್ಲಾ ಸುರಿದು ಮತ್ತೆ ಮೊದಲಿಂದ. ಸಾಕು ಬಿಡಿ ಅಂದರೆ, "ಅವಳು ಬೈತಾಳೆ" ಅಂತ ಅಳೋದು.

ಬೆಳಿಗ್ಗೆ ಆಂಜನಮ್ಮ ಎಲ್ಲಾ ಬಿಚ್ಚಿ ಬೀರುವಿಗಿಡುತ್ತಿದ್ದರು. ಸಂಜೆಗೆ ಕೆಲಸ ಇರಬೇಕಲ್ಲ. ಹಂಸಂಗೂ ಅಯ್ಯೋ ಅನ್ನಿಸಲಿಲ್ಲವಂತೆ.

ಒಂದು ಬೆಳಿಗ್ಗೆ ನಾನೂ ಅಲ್ಲಿದ್ದೆ. ಆಂಜನಮ್ಮ ಬ್ಯಾಗ್ ಬಿಚ್ಚಿದರು. ಸೀರೆಗಳ ತಳದಲ್ಲಿ ಗಂಡಸರ ಅಂಗಿ ಒಂದು, ನೀಲಿ ಗೀಟಿನದು. "ದಿನಾ ಇರುತ್ತೆ. ಈ ಮನೇಲಿ ಯಾರದ್ದೂ ಅಲ್ಲ" ಅಂದರು. ನನ್ನ ಕೈಗೆ ಕೊಟ್ಟರು.

ದೇವರಾಣೆ ಸುಳ್ಳಲ್ಲ... ಇಸ್ತ್ರಿ ಬಿಸಿ ಇನ್ನೂ ಆರಿರಲಿಲ್ಲ.