ಮಂಗಳವ್ವನನ್ನು ಒಪ್ಪಿಸಿಕೊಂಡವರು

ಬಾಗಿಲು ಮುಂದೆ ಮಾಡಿಕೊಂಡು ಬನ್ನಿ, ಆಮೇಲೆ ಹೇಳುತ್ತೇನೆ. ಇದು ನಮ್ಮ ಓಣಿಯ ಬೇನಜೀರಳಿಗೆ ಆದದ್ದು. ಎಲ್ಲೋ ಯಾರಿಗೋ ಆದದ್ದಲ್ಲ.

ರಾಣೆಬೆನ್ನೂರಿನಿಂದ ಮೇಡ್ಲೇರಿ ಕಡೆಗೆ ಹೋಗುವಾಗ ಬೀಜದ ಗೋದಾಮಿನ ಗೋಡೆ ಮುಗಿಯುತ್ತದಲ್ಲ, ಅಲ್ಲಿಂದ ನಮ್ಮ ಓಣಿಗೆ ಮಣ್ಣಿನ ಕಾಲುದಾರಿ. ದಾರಿಯ ಮಗ್ಗುಲಲ್ಲೇ ಒಂದು ಬಾವಿ. ಆಗ ಅದಕ್ಕೆ ಕಟ್ಟೆ ಇರಲಿಲ್ಲ. ಅಂದರೆ, ಹಿಂದೆ ಇತ್ತು. ಕಲ್ಲುಗಳನ್ನು ಯಾರೋ ಮನೆಯ ಪಾಯಕ್ಕೆ ಒಯ್ದಿದ್ದರು. ಹುಲ್ಲು ಬೆಳೆದು, ದಾರಿ ಎಲ್ಲಿ ಮುಗಿಯಿತು, ಬಾವಿ ಎಲ್ಲಿ ಶುರುವಾಯಿತು ಎಂಬುದು ಕತ್ತಲಲ್ಲಿ ತಿಳಿಯುತ್ತಿರಲಿಲ್ಲ.

ಆ ರಾತ್ರಿ ಆಟೋಗಳೆಲ್ಲ ಹೋಗಿಬಿಟ್ಟಿದ್ದವು. ಬೇನಜೀರ ಒಬ್ಬಳೇ ನಡೆದು ಬರುತ್ತಿದ್ದಳು. ಹೆದರಿಕೆ ಇರಲಿಲ್ಲ. ಹೆದರಿಕೆಗೆ ಜಾಗವೇ ಇರಲಿಲ್ಲ, ಮೈತುಂಬ ಸಿಟ್ಟು. ಕೈಯಲ್ಲಿದ್ದ ಖಾಲಿ ಡಬ್ಬಿಯೊಳಗೆ ಚಮಚ ಖಣ್ ಖಣ್ ಎನ್ನುತ್ತಿತ್ತು. ಆ ಸಪ್ಪಳಕ್ಕೂ ಅವಳಿಗೆ ಸಿಟ್ಟು ಬರುತ್ತಿತ್ತು.

ಯಾಕೆ ಸಿಟ್ಟು ಎಂಬುದನ್ನು ಮೊದಲು ಹೇಳಬೇಕು.

ಬೇನಜೀರ ನರ್ಸ್. ಹಾವೇರಿಯಲ್ಲಿ ಓದಿ, ಪರೀಕ್ಷೆ ಪಾಸಾಗಿ, ದೀಪ ಹಿಡಿದು ಪ್ರತಿಜ್ಞೆ ಮಾಡಿ ಬಂದವಳು. ಮಗಳನ್ನು ಇಂಥ ಕೆಲಸಕ್ಕೆ ಕಳಿಸಿದ್ದಕ್ಕೆ ಅವಳ ಅಪ್ಪ ಯೂಸುಫಸಾಬ ಯಾರ್ಯಾರ ಬಾಯಿಂದ ಏನೇನು ಕೇಳಿದ್ದಾರೋ ಅವರಿಗೇ ಗೊತ್ತು. ಹಿಂದೆ ಎಲ್ಲ ದೇಶಗಳಲ್ಲೂ ಹೀಗೇ ಇತ್ತಂತೆ. ಗತಿಯಿಲ್ಲದವರು ಮಾಡುವ ಕೆಲಸ ಎನ್ನುತ್ತಿದ್ದರಂತೆ. ಯಾವುದೋ ದೂರದ ಯುದ್ಧದಲ್ಲಿ ಗುಂಡಿಗಿಂತ ಹೊಲಸಿನಿಂದಲೇ ಸೈನಿಕರು ಹೆಚ್ಚು ಸತ್ತರು. ಆಗ ಕಿಟಕಿ ತೆರೆದು, ಹಾಸಿಗೆ ತೊಳೆದು, ರಾತ್ರಿಯೆಲ್ಲ ಎದ್ದು ನೋಡಿಕೊಂಡ ಹೆಂಗಸರಿಂದ ಇದೊಂದು ವಿದ್ಯೆಯಾಯಿತು. ಇದನ್ನು ಅವಳ ಟೀಚರು ಮೊದಲ ವರ್ಷದಲ್ಲೇ ಹೇಳಿದ್ದರು. ಇನ್ನೂ ಒಂದು ಮಾತು ಹೇಳಿದ್ದರು. ರೋಗಿ ಒಂದು ಗಳಿಗೆಯೂ ಯಾರ ಕೈಯಲ್ಲೂ ಇಲ್ಲದಂತೆ ಇರಬಾರದು.

ಅದಕ್ಕೇ ಹ್ಯಾಂಡೋವರ್. ಪಾಳಿ ಮುಗಿದ ನರ್ಸು ಮುಂದಿನ ಪಾಳಿಯವಳನ್ನು ಹಾಸಿಗೆಯ ಹತ್ತಿರ ನಿಲ್ಲಿಸಿಕೊಂಡು, ಈ ರೋಗಿಗೆ ಹೀಗಿದೆ, ಇದನ್ನು ಕೊಟ್ಟಿದ್ದೇನೆ, ಇಂಥದ್ದು ಮಾಡಬೇಡ ಎಂದು ಹೇಳಬೇಕು. ಕೇಳಿದವಳು ‘ತಗೊಂಡೆ’ ಅನ್ನಬೇಕು. ಆ ಮಾತು ಬಾಯಿಂದ ಬಿದ್ದ ಮೇಲೆ ರೋಗಿಯ ಜೀವ ಅವಳದು. ಅಲ್ಲಿಯತನಕ ಮೊದಲಿನವಳು ಮನೆಗೆ ಹೋಗುವ ಹಾಗಿಲ್ಲ.

ಅವಳು ಕೆಲಸ ಮಾಡುತ್ತಿದ್ದ ದವಾಖಾನೆಯ ಮಾಲೀಕ ಅಂದಾನೆಪ್ಪ. ಡಾಕ್ಟರಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡಿ, ಬಂದ ಲಾಭದಲ್ಲಿ ದವಾಖಾನೆ ಕಟ್ಟಿಸಿದವ. ಆ ರಾತ್ರಿ ಅಲ್ಲಿ ಒಬ್ಬಳೇ ರೋಗಿ, ಮೇಡ್ಲೇರಿಯ ಮಂಗಳವ್ವ. ಬಿದ್ದು ಸೊಂಟದ ಎಲುಬು ಮುರಿದು ಆಪರೇಶನ್ ಆಗಿತ್ತು. ಜೊತೆಗೆ ಬಂದವರು ರಾತ್ರಿ ಕೆಳಗಿನ ಪಡಸಾಲೆಯಲ್ಲೇ ಮಲಗಬೇಕೆಂದು ಅಂದಾನೆಪ್ಪನ ಕಾನೂನು.

“ಸಾಹುಕಾರ್ರ, ರಾತ್ರಿ ಪಾಳಿ ಸಿಸ್ಟರ್ ಬಂದಿಲ್ರಿ. ನಿನ್ನಿಯಿಂದ ನಾನ ಅದೇನಿ. ಯಾರಿಗೆ ಹ್ಯಾಂಡೋವರ್ ಕೊಡ್ಲಿ?”

“ಆಕಿನ್ನ ಬಿಡಿಸೇನಿ. ಒಂದ ಮುದುಕಿಗೆ ಎಷ್ಟ ಮಂದಿ ಬೇಕ? ಲಕ್ಷ್ಮಪ್ಪ ನೋಡ್ಕೊಂತಾನ.”

“ಲಕ್ಷ್ಮಪ್ಪ ಕಾಕಾ ವಾಚಮನ್ ಅದಾರ್ರಿ!”

“ಏನ ಮಹಾ ವಿದ್ಯಾ ಅದು? ಗುಳಿಗಿ ನುಂಗಸೂದು, ಬೆಡ್‌ಪ್ಯಾನ್ ಎತ್ತೂದು. ನಮ್ಮ ಎಮ್ಮಿ ಕಾಯಾಂವಾ ಇದಕ್ಕಿಂತ ಹೆಚ್ಚಿಗಿ ಮಾಡ್ತಾನ.”

“ಹಂಗಾರ ಎಮ್ಮಿ ಕಾಯಾಂವನ್ನ ಕರಸ್ರಿ!”

ಏಪ್ರನ್ ಬಿಚ್ಚಿ ಅವನ ಟೇಬಲ್ಲಿನ ಮೇಲೆ ಒಗೆದಳು. ಹೊರಗೆ ಬಂದಳು. ಹ್ಯಾಂಡೋವರ್ ಕೊಡದೆ ಅವಳು ಮನೆಗೆ ಹೊರಟಿದ್ದು ಅದೇ ಮೊದಲು.

ಈಗ ಬಾವಿಯ ಹತ್ತಿರ ಬಂದಿದ್ದಳು.

ಚಿಂವ್...

ನಿಂತಳು. ಡಬ್ಬಿಯೂ ಸುಮ್ಮನಾಯಿತು.

ಚಿಂವ್... ಚಿಂವ್...

ಆ ಸಪ್ಪಳ ಅವಳಿಗೆ ಚೆನ್ನಾಗಿ ಗೊತ್ತು. ನೆಲ ಒರೆಸಿದ ವಾರ್ಡಿನಲ್ಲಿ, ಹಸಿ ಟೈಲ್ಸಿನ ಮೇಲೆ ರಬ್ಬರ್ ಬೂಟು ಹಾಕಿ ನರ್ಸ್ ನಡೆದರೆ ಬರುವ ಸಪ್ಪಳ. ಆದರೆ ಅಲ್ಲಿ ಟೈಲ್ಸ್ ಎಲ್ಲಿಂದ ಬರಬೇಕು? ಕಾಲ ಕೆಳಗೆ ಒಣ ಮಣ್ಣು.

ಹಿಂದಿನಿಂದ ಯಾರೋ ಪಿಸುಗುಟ್ಟಿದರು.

“ಸಿಸ್ಟರ್, ಹ್ಯಾಂಡೋವರ್ ತಗೋರಿ.”

ಬೇನಜೀರ ತಿರುಗಿದಳು. ಮುಖ ಎತ್ತಿ ನೋಡುವ ಧೈರ್ಯವಾಗಲಿಲ್ಲ. ಕಂಡದ್ದು ಸಮವಸ್ತ್ರದ ಅಂಚು, ಅಷ್ಟೇ. ಅಂಚಿನಿಂದ ನೀರು... ತೊಟ್... ತೊಟ್...

“ಸೊಂಟದ ಆಪರೇಶನ್. ಮುದುಕಿ. ನೋವಿನ ಇಂಜೆಕ್ಷನ್ ಆಗೇತಿ, ಅಮಲಿನಾಗ ಅದಾಳ. ಸಂಜೀಕ ವಾಂತಿ ಮಾಡ್ಯಾಳ. ಮಗ್ಗಲಾಗಿ ಮಲಗಸಬೇಕು.”

ಅದು ಮಂಗಳವ್ವನ ವಿಷಯ. ಅವಳನ್ನು ಮಗ್ಗುಲಾಗಿ ಮಲಗಿಸಿ, ಕಾಲುಗಳ ನಡುವೆ ದಿಂಬಿಟ್ಟು ಬಂದವಳು ಬೇನಜೀರಳೇ. ಅಮಲಿನಲ್ಲಿದ್ದವರು ಅಂಗಾತ ಮಲಗಿ ವಾಂತಿ ಮಾಡಿದರೆ ಅದು ಉಸಿರಿನ ದಾರಿಗೆ ಹೋಗಿ ಜೀವ ಹೋಗುತ್ತದೆ. ಅದಕ್ಕೇ ಹಾಗೆ.

“ಈಗ ಅಂಗಾತ ಮಲಗ್ಯಾಳ,” ಎಂದಿತು ದನಿ.

“ಯಾರ ಮಲಗಿಸಿದ್ರು?”

“ಯಾರ ಇಲ್ದಾಗ ಯಾರರ ಮಲಗಸ್ತಾರ.” ದನಿಯಲ್ಲಿ ಈಗ ಸಿಟ್ಟಿತ್ತು, ಬೇನಜೀರಳ ಸಿಟ್ಟಿಗಿಂತ ಎಷ್ಟೋ ಹಳೆಯ ಸಿಟ್ಟು. “ನಿನ್ನ ಜಗಳ ಸಾಹುಕಾರನ ಕೂಡ. ಮುದುಕಿ ಏನ ಮಾಡ್ಯಾಳ? ತಗೋತಿಯೋ ಇಲ್ಲೋ?... ನಾನೂ ಮನಿಗೆ ಹೋಗಬೇಕು.”

“ತಗೊಂಡೆ ಸಿಸ್ಟರ್.”

ದಿನಾ ಅನ್ನುವ ಮಾತು, ರೂಢಿಯಿಂದ ಬಂದುಬಿಟ್ಟಿತು. ಬಾವಿಯೊಳಗೆ ಗುಳುಂ ಎಂದು ಒಂದೇ ಸಪ್ಪಳ. ಆಮೇಲೆ ಏನೂ ಇಲ್ಲ.

ಬೇನಜೀರ ಓಡಿದಳು. ಚಪ್ಪಲಿ ಅಲ್ಲೇ ಬಿಟ್ಟಳು, ಡಬ್ಬಿ ಎಲ್ಲಿ ಬಿತ್ತೋ ಇವತ್ತಿಗೂ ಗೊತ್ತಿಲ್ಲ.

ವಾರ್ಡಿನ ಬಾಗಿಲಲ್ಲಿ ಲಕ್ಷ್ಮಪ್ಪ ಕುರ್ಚಿ ಹಾಕಿಕೊಂಡು ತೂಕಡಿಸುತ್ತಿದ್ದ. ಒಳಗೆ ಗೊರ್... ಗೊರ್... ಎಂದು ಕೆಸರಿನಲ್ಲಿ ಗುಳ್ಳೆ ಒಡೆದಂತೆ ಉಸಿರು. ಮಂಗಳವ್ವನ ಮೈ ಅಂಗಾತ ಇತ್ತು. ಮುಖ ಮಾತ್ರ ಪಕ್ಕಕ್ಕೆ ತಿರುಗಿತ್ತು. ದಿಂಬಿನ ತುಂಬ ವಾಂತಿ.

“ಕಾಕಾ, ಏಳ್ರಿ! ಹಿಡೀರಿ! ಸೊಂಟ ತಿರುವಬ್ಯಾಡ್ರಿ, ಇಡೀ ಮೈ ಒಮ್ಮೆಲೇ!”

ಇಬ್ಬರೂ ಸೇರಿ ಮುದುಕಿಯನ್ನು ಮಗ್ಗುಲಿಗೆ ಹೊರಳಿಸಿದರು. ಬೇನಜೀರ ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಾಯೊಳಗಿನದನ್ನು ಬಳಿದು ತೆಗೆದಳು, ಗಂಟಲಲ್ಲಿದ್ದದ್ದನ್ನು ಯಂತ್ರದ ನಳಿಗೆಯಿಂದ ಎಳೆದಳು. ಮಂಗಳವ್ವ ಒಮ್ಮೆ ಕೆಮ್ಮಿದಳು. ಮತ್ತೊಮ್ಮೆ ಕೆಮ್ಮಿದಳು. ನೀಲಿಗಟ್ಟಿದ್ದ ತುಟಿಗೆ ಬಣ್ಣ ಬಂತು.

“ಯವ್ವಾ... ಎಷ್ಟ ತಣ್ಣಗ ಐತಿ ನಿನ್ನ ಕೈ...” ಎಂದಳು ಮುದುಕಿ, ಕಣ್ಣು ತೆರೆಯದೆ.

ಓಡಿ ಬಂದಿದ್ದ ಬೇನಜೀರಳ ಕೈ ಬೆಂಕಿಯಾಗಿತ್ತು.

“ಅಂಗಾತ ಯಾಕ ಮಲಗಿಸಿದ್ರಿ ಕಾಕಾ?”

“ನರಳಾಕತ್ತಿದ್ಲು. ನೆಟ್ಟಗ ಮಲಗಿದ್ರ ನಿದ್ದಿ ಹತ್ತೀತು ಅಂತ... ನನಗೇನ ಗೊತ್ತವಾ?” ಲಕ್ಷ್ಮಪ್ಪ ಅಳುತ್ತಿದ್ದ.

“ಮುಖ ಹೊರಳಿಸಿ ಛಲೋ ಮಾಡಿದ್ರಿ. ಇಲ್ಲಾಂದ್ರ ನಾ ಬರೂದ್ರಾಗ ಮುಗೀತಿತ್ತು.”

“ಮುಖ ನಾ ಮುಟ್ಟಿಲ್ಲ.”

ಮಂಗಳವ್ವನ ಕೆನ್ನೆಯ ಮೇಲೆ ಬೆರಳಿನ ಗುರುತು ಹಸಿಯಾಗಿತ್ತು. ದಿಂಬಿನ ಅಂಚಿನಲ್ಲಿ ಹಸಿರು ಪಾಚಿಯ ಒಂದು ಎಳೆ. ದವಾಖಾನೆಗೆ ಬರುವುದು ಫಿಲ್ಟರ್ ನೀರು. ಅದರಲ್ಲಿ ಪಾಚಿ ಇರುವುದಿಲ್ಲ.

ಲಕ್ಷ್ಮಪ್ಪ ಅದನ್ನು ನೋಡಿ ಗೋಡೆಗೆ ಒರಗಿದ. ಪಿಸುಮಾತಿನಲ್ಲಿ ಹೇಳಿದ. ಬೇನಜೀರ ಇನ್ನೂ ಹಾವೇರಿಯಲ್ಲಿ ಓದುತ್ತಿದ್ದಾಗ ಈ ದವಾಖಾನೆಯಲ್ಲಿ ಮೇಘಾ ಅಂತ ಒಬ್ಬ ನರ್ಸ್ ಇದ್ದಳು. ಕೊರೋನಾ ಕಾಲ. ಬದಲಿಗೆ ಯಾರನ್ನೂ ಕೊಡದೆ ಅಂದಾನೆಪ್ಪ ಅವಳಿಂದ ಪಾಳಿಯ ಮೇಲೆ ಪಾಳಿ ಮಾಡಿಸಿದ. ಕಡೆಗೊಂದು ರಾತ್ರಿ ನಿದ್ದೆಗಣ್ಣಿನಲ್ಲೇ ಮನೆಗೆ ಹೊರಟವಳು ದಾರಿ ತಪ್ಪಿ ಕಟ್ಟೆಯಿಲ್ಲದ ಆ ಬಾವಿಗೆ ಬಿದ್ದಳು. “ಯಾವನೋ ಹುಡುಗನ ಸಲುವಾಗಿ ಹಾರಿದ್ಲು ಅಂತ ಸಾಹುಕಾರ ಊರತುಂಬ ಹಬ್ಬಿಸಿದ. ಅವರವ್ವ ಅದನ್ನೂ ಕೇಳಬೇಕಾತು.”

ಕೆಳಗೆ ಕಾರಿನ ಬಾಗಿಲು ದಢ್ ಎಂದಿತು. ಗದ್ದಲ ಕೇಳಿ ಮಂಗಳವ್ವನ ಮಗ ದುರುಗೇಶ ಎದ್ದು ಅಂದಾನೆಪ್ಪನಿಗೆ ಫೋನ್ ಮಾಡಿದ್ದ.

“ಏನಿದು ನಾಟಕ? ಬಿಟ್ಟ ಹೋದಾಕಿ ಮತ್ಯಾಕ ಬಂದಿ?”

“ಸಾವಕಾಶ ಮಾತಾಡ್ರಿ, ರೋಗಿ ಮಲಗ್ಯಾಳ,” ಎಂದಳು ಬೇನಜೀರ. ಅವಳ ದನಿ ಏರಲಿಲ್ಲ. ಸಿಟ್ಟು ತಳಕ್ಕೆ ಇಳಿದು ಗಟ್ಟಿಯಾಗಿತ್ತು. “ಬರ್ರಿ. ಹಾಸಿಗಿ ಹತ್ರ ನಿಂದ್ರಿ. ಹ್ಯಾಂಡೋವರ್ ಕೊಡ್ತೇನಿ.”

“ನನಗಾ?”

“ಎಮ್ಮಿ ಕಾಯೂದಕ್ಕಿಂತ ಹಗರ ಕೆಲಸ ಅಂದ್ರಲ್ಲ. ಕೇಳ್ರಿ.” ಅವಳು ಎಲ್ಲ ಹೇಳಿದಳು. ಹೇಗೆ ಮಲಗಿಸಬೇಕು, ಯಾವಾಗ ಹೊರಳಿಸಬೇಕು, ಬೆನ್ನಿನ ಚರ್ಮ ಎಲ್ಲಿ ಕೆಂಪಾಗುತ್ತದೆ, ನೀರು ಎಷ್ಟೆಷ್ಟು ಹನಿಸಬೇಕು. ಒಂದನ್ನೂ ಬಿಡಲಿಲ್ಲ. “ತಗೊಂಡ್ರಿ ಏನು?”

ಬಾಗಿಲಲ್ಲಿ ದುರುಗೇಶ ಕೈಕಟ್ಟಿ ನಿಂತು ನೋಡುತ್ತಿದ್ದ. ಅಂದಾನೆಪ್ಪನಿಗೆ ಈ ಪೀಡೆ ತೊಲಗಿದರೆ ಸಾಕಾಗಿತ್ತು.

“ತಗೊಂಡೆ, ತಗೊಂಡೆ. ಬೆಳಗಾಗೂದ್ರಾಗ ಎಲ್ಲಿಂದರ ಒಬ್ಬಾಕಿನ್ನ ತರಸ್ತೇನಿ. ನಡಿ ಇನ್ನ.”

ಚಿಂವ್...

ಮೂವರೂ ಬೇನಜೀರಳ ಕಾಲು ನೋಡಿದರು. ಅವಳು ಬರಿಗಾಲಲ್ಲಿದ್ದಳು.

ಚಿಂವ್... ಚಿಂವ್... ಮಂಗಳವ್ವನ ಹಾಸಿಗೆಯ ಆಚೆ ಬದಿಯಿಂದ ಹೊರಟ ಸಪ್ಪಳ ನಿಧಾನವಾಗಿ ಬಂದು ಅಂದಾನೆಪ್ಪನ ಬೆನ್ನ ಹಿಂದೆ ನಿಂತಿತು.

ಬೇನಜೀರ ಮನೆಗೆ ಹೋಗಲಿಲ್ಲ. ಒಪ್ಪಿಸಿ ಆಗಿತ್ತು, ಆದರೂ ಮುದುಕಿಯ ತಲೆದೆಸೆಯಲ್ಲಿ ಬೆಳಗಿನ ತನಕ ಕೂತಳು. ಮಂಗಳವ್ವ ಈಗ ಮೇಡ್ಲೇರಿಯಲ್ಲಿ ವಾಕರ್ ಹಿಡಿದು ಓಡಾಡುತ್ತಾಳೆ, ಸೊಸೆಯನ್ನು ಬೈಯುತ್ತಾಳೆ. ಆ ದವಾಖಾನೆಯಲ್ಲಿ ಈಗ ಪ್ರತಿ ಪಾಳಿಗೂ ಓದಿದ ನರ್ಸ್ ಇದ್ದಾರೆ. ಬಾವಿಗೆ ಕಟ್ಟೆಯಾಗಿದೆ, ಅಂದಾನೆಪ್ಪನೇ ಕಟ್ಟಿಸಿದ. ಬೇನಜೀರ ಮಾತ್ರ ಅಲ್ಲಿ ಕೆಲಸ ಬಿಟ್ಟು ಈಗ ಹಾವೇರಿಗೆ ಕೆಲಸಕ್ಕೆ ಹೋಗುತ್ತಾಳೆ. ಅಂದಾನೆಪ್ಪ ಕ್ಷಮೆ ಕೇಳಲು ಬಂದಾಗ ಬಾಗಿಲು ತೆರೆಯಲಿಲ್ಲ. “ನನ್ನ ಮುಂದ ಅಲ್ಲ, ಮೇಘಾನ ಅವ್ವನ ಮುಂದ ಹೋಗಿ ಹೇಳ್ರಿ,” ಎಂದು ಒಳಗಿನಿಂದಲೇ ಹೇಳಿದಳು. ಅವನು ಇನ್ನೂ ಹೋಗಿಲ್ಲ.

ಸುಳ್ಳು ಅನ್ನುವವರು ರಮಜಾನಬಿಯನ್ನು ಕೇಳಿ. ಅಂದಾನೆಪ್ಪನ ಮನೆಯ ಬಟ್ಟೆ ಒಗೆಯುವವಳು, ಇದೇ ಓಣಿಯವಳು. ಅವನ ದಿಂಬಿನ ಚೀಲವನ್ನು ಎಷ್ಟು ತಿಕ್ಕಿ ಒಗೆದು ಕೊಟ್ಟರೂ ಮರುದಿನ ಅದಕ್ಕೆ ಹಸಿರು ಎಳೆ ಅಂಟಿರುತ್ತದಂತೆ. ಹೋದ ವಾರ ಅವಳ ಹಗ್ಗದ ಮೇಲೆ ಅದನ್ನು ನಾನೇ ಮುಟ್ಟಿ ನೋಡಿದೆ. ಸುಡುಬಿಸಿಲು. ಉಳಿದ ಬಟ್ಟೆಯೆಲ್ಲ ಒಣಗಿ ಗರಿಗರಿಯಾಗಿತ್ತು. ದಿಂಬಿನ ಚೀಲವೂ ಒಣಗಿತ್ತು... ಕೆನ್ನೆ ಬರುವ ಜಾಗ ಒಂದನ್ನು ಬಿಟ್ಟು.