ಹಾರೆ ಹಿಡಿದವನು ಮುಂದೆ

ಗುರುಪ್ರಸಾದ ಅಳತೆ ಮಾಡದೆ ಮಂಜುಗಡ್ಡೆಯ ಮೇಲೆ ನಡೆದ, ಅದಕ್ಕೇ ಸತ್ತ. ಕ್ಯಾಲಿಫೋರ್ನಿಯಾದಲ್ಲಿ ಫ್ರೀಮಾಂಟಿನಿಂದ ಕ್ಯುಪರ್ಟಿನೋವರೆಗೆ ಕನ್ನಡದವರೆಲ್ಲ ನಂಬಿದ್ದು ಇದನ್ನೇ. ಹೇಳಿದವನು ಶೇಷಾದ್ರಿ. ಅವನು ಅಲ್ಲೇ ಇದ್ದ, ಕಣ್ಣಾರೆ ಕಂಡಿದ್ದ. ಮೇಲಾಗಿ ದುಬಾರಿ ಲಾಸ್ ಆಲ್ಟೋಸಿನಲ್ಲಿ ಅವನಿಗೆ ಸ್ವಂತ ಮನೆಯಿತ್ತು. ನಂಬಲು ಇಷ್ಟು ಸಾಕಾಗುತ್ತದೆ.

ಸಿದ್ದರಾಜುವೂ ನಂಬಿದ್ದ. ಹೋದ ವರ್ಷ ಅದು ನಡೆದ ಸರೋವರಕ್ಕೆ ಅವನು ಹೋಗಿರಲಿಲ್ಲ; ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ಅವನು ಸಾಕಿದ್ದ ಜೀವಕೋಶಗಳಿಗೆ ಶನಿವಾರದ ರಜೆ ಅಂತ ಇರಲಿಲ್ಲ. ಮಂಡ್ಯ ಕಡೆಯವನು, ಪಿಎಚ್.ಡಿ. ಮಾಡಿದವನು. ಯಾರಾದರೂ ದೆವ್ವದ ಮಾತೆತ್ತಿದರೆ ಎದ್ದು ಕಾಫಿ ಮಾಡಲು ಹೋಗುತ್ತಿದ್ದ. ಇದು ಅವನಿಗೇ ಆದದ್ದು. ಬೇರೆ ಯಾರಿಗಾದರೂ ಆಗಬಹುದಿತ್ತಲ್ಲ ಎಂದು ಅವನಿಗೆ ಈಗಲೂ ಬೇಸರವಿದೆ.

ಜನವರಿಯ ಒಂದು ಗುರುವಾರ ಸಂಜೆ, ಶೇಷಾದ್ರಿಯ ಗ್ಯಾರೇಜಿನಲ್ಲಿ ಮೂವರು ಸೇರಿದ್ದರು. ಶನಿವಾರ ನಸುಕಿಗೆ ಹೊರಟು ಸಿಯೆರಾ ಬೆಟ್ಟದ ಸರೋವರಕ್ಕೆ ಹೋಗುವುದು, ಮಂಜುಗಡ್ಡೆ ಕೊರೆದು ಲೇಕ್ ಟ್ರೌಟ್ ಮೀನು ಹಿಡಿಯುವುದು. ಮೇಜಿನ ಮೇಲೆ ಕೊರೆಯುವ ಡ್ರಿಲ್ಲು, ಮೊಳದುದ್ದದ ಗಾಳದ ಕೋಲುಗಳು. ಗೋಡೆಗೆ ಒರಗಿಸಿದ್ದ ಒಂದು ಹೊಸ ಹಾರೆ.

"ಲೇಕ್ ಟ್ರೌಟು ದಡದಲ್ಲಿ ಸಿಗಲ್ಲ," ಅಂದ ಶೇಷಾದ್ರಿ. "ಅರವತ್ತು ಅಡಿ ಆಳ ಬೇಕು. ಮಧ್ಯಕ್ಕೇ ಹೋಗಬೇಕು."

"ಹಿಡಿದು ಏನ್ಮಾಡ್ತೀಯ? ನೀನು ಮೊಟ್ಟೆ ಹಾಕಿದ ಕೇಕೂ ತಿನ್ನಲ್ಲ," ಅಂದ ಸಿದ್ದರಾಜು.

"ಫೋಟೋ ತೆಗೆದು ವಾಪಸ್ ಬಿಡೋದು. ಇದು ಸ್ಪೋರ್ಟು ಕಣಯ್ಯ. ಕಂಡಿದ್ದನ್ನೆಲ್ಲ ಸಾರಿಗೆ ಹಾಕೋದು ನಿಮ್ಮೂರಲ್ಲಿ."

ಸಿದ್ದರಾಜು ನಗಲಿಲ್ಲ. ಐಸ್ ಡಬ್ಬದ ಮೇಲೆ ಕೂತಿದ್ದ ವಿರುಪಾಕ್ಷಪ್ಪನವರೂ ನಗಲಿಲ್ಲ. ಗದಗಿನವರು, ಐವತ್ತೈದು ದಾಟಿದವರು, ಹೋದ ವರ್ಷವೂ ಜೊತೆಗೆ ಹೋಗಿದ್ದವರು. ಆಮೇಲೆ ಮಾತು ಕಮ್ಮಿ ಮಾಡಿದ್ದರು.

ಕೆಲಸದ ಕ್ರಮ ಸರಳ. ಒಬ್ಬ ಹಾರೆ ಹಿಡಿದು ಮುಂದೆ ನಡೆಯುತ್ತಾನೆ. ಹೆಜ್ಜೆಗೊಮ್ಮೆ ಕುಟ್ಟಿ, ಗಡ್ಡೆ ಎಷ್ಟು ದಪ್ಪ ಎಂದು ಕೂಗಿ ಹೇಳುತ್ತಾನೆ. ದಪ್ಪ ಸಾಕೆಂದರೆ ಮಿಕ್ಕವರು ಹಿಂದೆ ಬರುತ್ತಾರೆ, ಸಾಲದೆಂದರೆ ಎಲ್ಲರೂ ದಡಕ್ಕೆ.

"ಈ ಸಲ ಹಾರೆ ನಿಂದು," ಅಂದ ಶೇಷಾದ್ರಿ.

"ನೀನ್ಯಾಕೆ ಹಿಡಿಯಲ್ಲ?"

"ಹಿಂದೆ ನಿಂತು ನೋಡ್ಕೊಳ್ಳೋಕೆ ಒಬ್ಬ ಬೇಕಲ್ಲ."

"ಹೋದ ಸಲ ನೋಡ್ಕೊಂಡ ಹಾಗಾ?"

ಶೇಷಾದ್ರಿ ಡ್ರಿಲ್ಲನ್ನು ಪಕ್ಕಕ್ಕೆ ಸರಿಸಿದ.

"ಹೋದ ಸಲ ಗುರು ಅಳತೆ ಮಾಡಿದ್ರೆ ಇವತ್ತು ಇಲ್ಲಿ ಕೂತಿರ್ತಿದ್ದ. ನೀನು ಸೈಂಟಿಸ್ಟು, ಅಳೀತೀಯ. ಹೆದರಿಕೆ ಅಂದ್ರೆ ಹೇಳು, ನಿಸರ್ಗಾಗೆ ನಾನೇ ಫೋನ್ ಮಾಡಿ ಹೇಳ್ತೀನಿ, ನಿನ್ನ ಗಂಡ ಬರಲ್ವಂತೆ ಅಂತ."

ನಿಸರ್ಗಾ ಸಿದ್ದರಾಜುವಿನ ಹೆಂಡತಿ. ಕೆಣಕಿದರೆ ಒಪ್ಪಿಬಿಡುವುದು ಅವನ ಹಳೇ ದುರಭ್ಯಾಸ. "ಹಿಡೀತೀನಿ ಬಿಡು," ಅಂದ. ಶನಿವಾರ ಎಲ್ಲರಿಗಿಂತ ಮುಂದೆ ಇರುವವನು ತಾನು ಎಂಬುದು ಅಂದ ಮೇಲೆ ಹೊಳೆಯಿತು.

ಆಗ ವಿರುಪಾಕ್ಷಪ್ಪ ಬಾಯಿಬಿಟ್ಟರು. "ಮೂರು ಮಂದಿ ಆಗ್ತೀವಲ್ಲಪಾ... ಮೂರು ಮಂದಿ ಕೂಡಿ ಹೊರಡಬಾರದು. ನಾಕನೇದ್ದು ಅಂತ ಕಿಸೇದಾಗ ಒಂದು ಕಲ್ಲರ ಇಟ್ಕೊಂಡು ಹೋಗೂಣು."

ಶೇಷಾದ್ರಿ ಲ್ಯಾಪ್‌ಟಾಪ್ ತನ್ನ ಕಡೆ ಎಳೆದುಕೊಂಡ. ಅದರಲ್ಲಿ ಯಾರು ಏನು ಮಾಡಬೇಕೆಂಬ ಪಟ್ಟಿ ಇತ್ತು, ಹೋದ ವರ್ಷದ್ದೇ, ತಾರೀಖು, ಒಂದು ಹೆಸರು ಬದಲಾಯಿಸಿದ್ದ ಅಷ್ಟೆ. ನಾಲ್ಕನೇ ಸಾಲು ಖಾಲಿ ಇತ್ತು. ಟೈಪ್ ಮಾಡಿದ. ಗುರುಪ್ರಸಾದ. ಕೆಲಸ: ಹಾರೆ.

"ತಗೊಳ್ಳಿ ಸರ್, ನಾಲ್ಕಾಯ್ತು. ಕಲ್ಲಿಗಿಂತ ವಾಸಿ, ಪರಿಚಯದವನು."

"ಅಳಸು," ಅಂದರು ವಿರುಪಾಕ್ಷಪ್ಪ, ಪಿಸುದನಿಯಲ್ಲಿ. "ಕರದಂಗ ಆಗ್ತದ... ಅಳಸು."

ಶೇಷಾದ್ರಿ ಲ್ಯಾಪ್‌ಟಾಪ್ ಮುಚ್ಚಿದ. ಅಳಿಸಲಿಲ್ಲ.

ಸಿದ್ದರಾಜು ಹೊರಟಾಗ ಏಳೂವರೆ. ದೆವ್ವಕ್ಕೆ ಅದು ಹೊತ್ತೇ ಅಲ್ಲ. ಆ ಹೊತ್ತಿಗೆ ಜನ ಇನ್ನೂ ಮೀಟಿಂಗಿನಲ್ಲಿರುತ್ತಾರೆ. ಕಾರನ್ನು ನಿಸರ್ಗಾ ಒಯ್ದಿದ್ದಳು. ಅಪಾರ್ಟ್‌ಮೆಂಟಿಗೆ ಹದಿನೈದು ನಿಮಿಷದ ನಡಿಗೆ. ಹಾರೆ ಅವನ ಕೈಯಲ್ಲಿರಲಿಲ್ಲ. ಗ್ಯಾರೇಜಿನ ಗೋಡೆಗೇ ಒರಗಿತ್ತು. ಇದನ್ನು ಅವನು ಹೇಳುವಾಗಲೆಲ್ಲ ಎರಡು ಸಲ ಹೇಳುತ್ತಾನೆ.

ಆ ಬೀದಿಗಳಲ್ಲಿ ದೀಪದ ಕಂಬಗಳಿಲ್ಲ. ಅಷ್ಟು ದುಡ್ಡು ಕೊಟ್ಟವರಿಗೆ ಕತ್ತಲೂ ಬೇಕಾಗುತ್ತದೆ. ಎರಡು ಬೀದಿಗಳ ನಡುವೆ ಖಾಲಿ ಜಾಗ, ಹಿಂದೆ ಏಪ್ರಿಕಾಟ್ ತೋಟವಾಗಿದ್ದದ್ದು. ನಾಲ್ಕಾರು ಮುದಿ ಮರಗಳು ಉಳಿದಿವೆ. ಮಧ್ಯೆ ಒಂದು ಹಳೇ ಬಾವಿ, ಅದರ ಮೇಲೆ ನೆಲಕ್ಕೆ ಸಮನಾಗಿ ಕಾಂಕ್ರೀಟ್ ಮುಚ್ಚಳ. ಕಾಲುದಾರಿ ಮುಚ್ಚಳದ ಮೇಲೆಯೇ ಹಾದುಹೋಗುತ್ತದೆ. ಸಿದ್ದರಾಜು ನೂರು ಸಲ ಅದರ ಮೇಲೆ ನಡೆದಿದ್ದ.

ಮೊದಲ ಮರ ದಾಟಿದಾಗ ಕೇಳಿಸಿತು.

ಠಕ್... ಅದರ ಹಿಂದೆಯೇ ಸಣ್ಣಗೆ, ಚಿರ್ರ್... ಗಾಜಿನ ಮೇಲೆ ಉಪ್ಪು ಚೆಲ್ಲಿದ ಹಾಗೆ.

ತೋಟಕ್ಕೆ ನೀರು ಬಿಡುವ ಪೈಪು ಅಂದುಕೊಂಡ. ನಡೆದ.

ಠಕ್. ಚಿರ್ರ್...

"ಐದು ಬೆರಳು."

ಒಣ ದನಿ. ಅವಸರವಿಲ್ಲ. ಯಾರಿಗೋ ವರದಿ ಒಪ್ಪಿಸುವ ಹಾಗೆ. ಸಿದ್ದರಾಜು ನಿಂತ. ದನಿಯೂ ನಿಂತಿತು. ಒಂದು ಹೆಜ್ಜೆ ಇಟ್ಟ.

ಠಕ್.

"ನಾಲ್ಕು ಬೆರಳು."

ಆ ದನಿ ಅವನಿಗೆ ಗೊತ್ತಿತ್ತು. ನಾಲ್ಕು ವರ್ಷ ಒಂದೇ ಕಾರಿನಲ್ಲಿ ಫ್ರೀವೇ ಮೇಲೆ ಕೆಲಸಕ್ಕೆ ಹೋದವರು ಅವನೂ ಗುರುಪ್ರಸಾದನೂ. ಗೊತ್ತಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡ. ಜೇಬಿನಲ್ಲಿ ಫೋನು ಗುಂಯ್ ಅಂದಿತು. ನಿಸರ್ಗಾ.

"ಎಲ್ಲಿದ್ದೀಯ?"

"ಬರ್ತಿದೀನಿ."

"ಜೊತೇಲಿ ಯಾರು?"

"ಯಾರೂ ಇಲ್ಲ."

"ಮತ್ತೆ... ಎಣಿಸ್ತಿರೋದು ಯಾರು?"

ಅವನು ಫೋನನ್ನು ಕಿವಿಗೆ ಒತ್ತಿಕೊಂಡ. ಅವಳು ದನಿ ತಗ್ಗಿಸಿದಳು. "ಸಿದ್ದು, ಮೂರು ಬೆರಳು ಅಂತಿದಾರೆ. ಯಾರದು?"

ಅವನಿಗೆ ಆ ಮೂರು ಕೇಳಿಸಿರಲಿಲ್ಲ. ಅವಳಿಗೆ ಕೇಳಿಸಿತ್ತು.

ಕಾಲು ತಾನಾಗಿ ಇನ್ನೊಂದು ಹೆಜ್ಜೆ ಇಟ್ಟಿತು. ಠಕ್. ಈ ಸಲ ಕಿವಿಯ ಪಕ್ಕದಲ್ಲೇ.

"ಎರಡು ಬೆರಳು... ನಾನು ವಾಪಸ್ ಬರ್ತೀನಿ."

ಆಮೇಲೆ ಬೆನ್ನ ಹಿಂದೆ, ದೂರದಿಂದ, ಬೇರೆ ದನಿ. ಶೇಷಾದ್ರಿಯದು.

"ಏನೂ ಆಗಲ್ಲ. ಮುಂದೆ ನಡಿ."

ಸಿದ್ದರಾಜು ತಿರುಗಿ ನೋಡಿದ. ದಾರಿ ಖಾಲಿ. ಫೋನಿನ ದೀಪ ಹಾಕಿ ಕೆಳಗೆ ಹಿಡಿದ. ಅವನು ಬಾವಿಯ ಮುಚ್ಚಳದ ಮೇಲೆ ನಿಂತಿದ್ದ. ಕಾಲ ಕೆಳಗೆ ಕಾಂಕ್ರೀಟಿರಲಿಲ್ಲ. ಮಂಜುಗಡ್ಡೆ ಇತ್ತು. ಅಂದು ಸಂಜೆ ಲಾಸ್ ಆಲ್ಟೋಸಿನಲ್ಲಿ ತೆಳು ಸ್ವೆಟರ್ ಸಾಕಾಗುವಷ್ಟು ಚಳಿ, ನೀರು ಗಟ್ಟಿಯಾಗುವ ಚಳಿ ಅಲ್ಲ. ಗಡ್ಡೆಯ ಕೆಳಗೆ ಕಪ್ಪು. ದೀಪದ ಬೆಳಕು ಅದರಲ್ಲಿ ಇಳಿಯಿತು, ಎಲ್ಲೂ ತಾಕಲಿಲ್ಲ.

ಟಿಣ್ಣ್... ಬಿಗಿದ ತಂತಿ ಹರಿದ ಸದ್ದು. ಎಡಪಾದದಿಂದ ಬಿಳಿ ಗೆರೆಯೊಂದು ಹೊರಟಿತು.

ಅವನು ಓಡಲಿಲ್ಲ. ಆ ಸಂಜೆಯೇ ಗ್ಯಾರೇಜಿನಲ್ಲಿ ಡ್ರಿಲ್ಲಿನ ಕೈಪಿಡಿಯಲ್ಲಿ ಓದಿದ್ದ ಸೂಚನೆ ನೆನಪಿಗೆ ಬಂತು: ಗಡ್ಡೆ ಬಿರಿದರೆ ಹೊಟ್ಟೆಯ ಮೇಲೆ ಮಲಗಿ, ಬಂದ ದಾರಿಯಲ್ಲೇ ತೆವಳಬೇಕು. ಮಲಗಿದ. ಕೈ ಊರಿದಲ್ಲಿ ಬಿರಿದ ಗಡ್ಡೆಯ ಅಂಚು ಸಿಕ್ಕಿತು. ಎರಡು ಬೆರಳು ದಪ್ಪ, ಸರಿಯಾಗಿ. ಲಕ್ಷಾಂತರ ಡಾಲರಿನ ಮನೆಗಳ ಹಿತ್ತಲಲ್ಲಿ ಒಬ್ಬ ಡಾಕ್ಟರೇಟ್ ಪಡೆದವನು ಹಲ್ಲಿಯ ಹಾಗೆ ಹಿಂದಕ್ಕೆ ತೆವಳಿದ. ಮೊಣಕೈಗೆ ಹುಲ್ಲು ತಾಗಿದ ಮೇಲೂ ತೆವಳುತ್ತಲೇ ಇದ್ದ.

ಸುತ್ತುದಾರಿ ಹಿಡಿದು ಮನೆ ಸೇರಿದ. ಮೊಣಕೈವರೆಗೆ ತೋಳು ಒದ್ದೆ. ನಿಸರ್ಗಾ ತೋಳು ನೋಡಿದಳು, ಮುಖ ನೋಡಿದಳು, ಟವೆಲ್ ಕೊಟ್ಟಳು. ದೆವ್ವ ಇದೆ ಎಂದು ಸಿದ್ದರಾಜು ಇವತ್ತಿಗೂ ಒಪ್ಪುವುದಿಲ್ಲ. ಇದು ನಡೆಯಿತು, ಅಷ್ಟೇ ಎನ್ನುತ್ತಾನೆ. ವಿವರಣೆ ಕೇಳಿದವರಿಗೆ, ನಿಮ್ಮಲ್ಲಿದ್ದರೆ ಕೊಡಿ ಎನ್ನುತ್ತಾನೆ. ಫೋನಿನಲ್ಲಿ ಎಣಿಕೆ ಕೇಳಿಸಿಕೊಂಡ ನಿಸರ್ಗಾಳನ್ನು ಕೇಳಿ, ಅವಳೂ ಅದನ್ನೇ ಹೇಳುತ್ತಾಳೆ.

ಅಂದೇ ವಿರುಪಾಕ್ಷಪ್ಪನವರಿಗೆ ಫೋನ್ ಮಾಡಿದ.

"ವಿರುಪಾಕ್ಷಣ್ಣ, ಶನಿವಾರ ನಾನು ಬರಲ್ಲ. ಹಾರೆ ಹಿಡಿಯಲ್ಲ."

"ಛಲೋ ಆತು ಬಿಡು, ತಮ್ಮಾ."

"ಒಂದು ಕೇಳ್ತೀನಿ. ಐಸು ಎಷ್ಟು ದಪ್ಪ ಅಂತ ಗುರು ಹೇಗೆ ಹೇಳ್ತಿದ್ದ? ಇಂಚಲ್ಲೋ, ಬೆರಳಲ್ಲೋ?"

ಆ ಕಡೆ ಬಾಗಿಲು ಮುಚ್ಚಿಕೊಂಡ ಸದ್ದು.

"ಬೆರಳಂತ ನಿನಗ ಯಾರು ಹೇಳಿದ್ರು? ಅಲ್ಲಿ ಇದ್ದವರು ನಾವು ಮೂರ ಮಂದಿ."

"ಎರಡು ಬೆರಳು ಅಂದ್ನಾ?"

ಪಿಸುದನಿ ಬಂತು. "ಅಂದಾ. ವಾಪಸ್ ಬರ್ತೀನಿ ಅಂತನೂ ಅಂದಾ... ಶೇಷಾದ್ರಿ ಮುಂದ ನಡಿ ಅಂದಾ. ನಾ ಸುಮ್ಮನ ನಿಂತಿದ್ದೆ."

ಗುರುಪ್ರಸಾದ ಹೆಜ್ಜೆ ಹೆಜ್ಜೆಗೂ ಅಳತೆ ಮಾಡಿದ್ದ.