ಗುಂಡಿ ಅಂಗಡಿಯ ಪರದೆ

ನವೆಂಬರ್ ಹನ್ನೊಂದು, ಬುಧವಾರ. ಮೋಡ, ಚಳಿಗಾಳಿ, ಮಳೆ ಇಲ್ಲ... ಹ್ಞಾ, ಮೊದಲನೇ ಪುಟ ಆಯ್ತು. ಏ ಏ, ನಿಲ್ಲು ಅಕ್ಕ, ಪರದೆ ಸರಿಸಬೇಡ! ಇನ್ನೂ ಪುಟಗಳಿವೆ. ಹವಾಮಾನ ಯಾಕೆ ಅಂತ ನನ್ನ ಕೇಳಬೇಡ. ಈ ಯಂತ್ರ ಕೇಳತ್ತೆ, ನಾನು ಒತ್ತುತೀನಿ, ಅಷ್ಟೇ.

ಗೊತ್ತು, ಗೊತ್ತು, ಅಂಗಡಿ ನಿಂದೇ. ಇಲ್ಲ ಅಂದವರು ಯಾರು? ಅಪ್ಪ ಬರೆದುಕೊಟ್ಟಿದ್ದು ನಿನಗೆ. ನಾನು ನಿನ್ನ ಸೊಂಟದ ಆಪರೇಷನ್ ಆಗಿ ನೀನು ಎದ್ದು ಓಡಾಡೋ ತನಕ ನೋಡ್ಕೊಳ್ಳೋಕೆ ಬಂದವನು. ನಾಳೆಯಿಂದ ಗಲ್ಲಾದಲ್ಲಿ ನೀನೇ ಕೂತ್ಕೋ, ಯಾರು ಬೇಡ ಅಂತಾರೆ. ಆದ್ರೆ ಒಳಗೆ ಹೋಗಿ ನೋಡಬೇಕು ಅಂದ್ರೆ ಮೊದಲು ನೋಂದಣಿ. ಎಲ್ಲರಿಗೂ ಒಂದೇ ನಿಯಮ. ಇವತ್ತು ಅಕ್ಕನ್ನ ಹಾಗೇ ಬಿಟ್ರೆ ನಾಳೆ ಎದುರಿನ ಟೈಲರ್ ಬಂದು "ನಾನೂ ಒಂಥರಾ ಅಕ್ಕನೇ" ಅಂತಾನೆ.

ಆ ಸ್ಟೂಲ್ ಮೇಲೆ ಕೂತ್ಕೋ. ಕೋಲು ಕೊಡು, ಮೂಲೇಲಿ ಇಡ್ತೀನಿ... ಬೇಡ್ವಾ? ಸರಿ, ನಿನ್ನ ಕೈಲೇ ಇರಲಿ. ಅದನ್ನ ಹಾಗೆ ಎತ್ತಿ ಹಿಡಿಯೋದೇನು ಬೇಕಾಗಿಲ್ಲಪ್ಪ.

ಹೆಸರು... ನಾನೇ ಹಾಕ್ತೀನಿ. ಅಕ್ಕ. ತಗೋ, "ಅಕ್ಕ ಈಗಾಗಲೇ ಬಳಕೆಯಲ್ಲಿದೆ" ಅಂತಿದೆ. ಇರೋಳು ಒಬ್ಬಳೇ ಅಕ್ಕ, ಆದ್ರೆ ಅದನ್ನ ಇದಕ್ಕೆ ಯಾರು ಹೇಳೋದು? ಅಕ್ಕ ಒಂದು, ಅಕ್ಕ ಎರಡು, ಎಲ್ಲ ಹೋಗಿಬಿಟ್ಟಿವೆ. ಅಕ್ಕ ಏಳು ಸಿಗತ್ತೆ. ತಗೊಳ್ಲಾ? ಹಾಗೆ ನೋಡಿದ್ರೆ ಹೇಗೆ... ತಗೊಂಡೆ.

ಬಂದ ಉದ್ದೇಶ. ಕೋಟಿನ ಗುಂಡಿ, ಕೊರಳ ಹತ್ತಿರದ್ದು. ಪಾಪ, ಈ ಗಾಳೀಲಿ ಒಂದು ಕೈಲಿ ಕೋಲು, ಇನ್ನೊಂದು ಕೈಲಿ ಕೊರಳಪಟ್ಟಿ ಹಿಡ್ಕೊಂಡು ಬಂದಿದೀಯ. ಆ ಆಸ್ಪತ್ರೆ ಲಾಂಡ್ರಿಯವರ ಕೈಗೆ ಏನು ಬಡಿದಿತ್ತೋ! ಅಪ್ಪ ತನ್ನ ಡಬ್ಬಿಯಿಂದ ತೆಗೆದು ಕೈಯಾರೆ ಹೊಲಿದ ಕೊಂಬಿನ ಗುಂಡಿ. ಅವರಿಗೇನು ಗೊತ್ತು ಬೆಲೆ? ಕಿತ್ತು ಎಸೆದಿರ್ತಾರೆ. ಲಾಂಡ್ರಿಯವರದೇ ಕೆಲಸ ಅಂತ ನಾನು ಆವತ್ತೇ ಹೇಳಿದ್ನಲ್ಲ, ಗುಂಡಿ ಹೋಗಿದೆ ಅಂತ ನೀನು ನೋಡೋಕೆ ಮುಂಚೇನೇ...

ಏನು? ಏನಿಲ್ಲ ತಾನೆ? ಮುಂದಿನ ಪುಟ.

ಈ ಯಂತ್ರ ಹೇಗೆ ಬಂತು ಅಂತ ಹೇಳಿಬಿಡ್ತೀನಿ, ಆಗ ನಿನ್ನ ಮುಖ ಸ್ವಲ್ಪ ಸಡಿಲ ಆಗಬಹುದು. ಇದರ ಮೂಲ ಯಾರು ಗೊತ್ತಾ? ನೀನೇ! ನಿನಗೊಂದು ಒಳ್ಳೆ ಕೋಲು ತರೋಣ ಅಂತ ಫೋನಲ್ಲಿ ಒಂದು ಅಂಗಡಿ ತೆಗೆದೆ. ಕೊಳ್ಳೋಕಲ್ಲ, ಬರೀ ನೋಡೋಕೆ. ಅದು ತೋರಿಸೋದೇ ಇಲ್ಲ ಅಂತು! "ಮೊದಲು ಸೇರಿ, ಆಮೇಲೆ ನೋಡಿ." ಹೆಸರು ಕೊಟ್ಟೆ, ನಂಬರ್ ಕೊಟ್ಟೆ, ಹುಟ್ಟಿದ ದಿನ ಕೊಟ್ಟೆ. ಚಪ್ಪಲಿ ಅಳತೆ ಕೇಳ್ತು, ಕೋಲಿಗೂ ಚಪ್ಪಲಿಗೂ ಏನು ಸಂಬಂಧ ಅಂತ ಕೇಳದೆ ಅದನ್ನೂ ಕೊಟ್ಟೆ. ಎಲ್ಲ ಮುಗಿದ ಮೇಲೆ ಬಾಗಿಲು ತೆರೀತು. ಒಳಗೆ ಏನಿತ್ತು ಅಂತೀಯ? "ಕೋಲು ಸದ್ಯಕ್ಕೆ ಇಲ್ಲ."

ನಗ್ತಿದೀಯಾ? ಓ, ಕೆಮ್ಮು.

ನನಗೆ ಕೋಪ ಬರಲಿಲ್ಲ ಅಕ್ಕ. ಅದೇ ವಿಚಿತ್ರ. ಏನೋ ಸಾಧಿಸಿದ ಹಾಗಾಯ್ತು. ಮಾರನೇ ದಿನ ಬೆಳಗ್ಗೆ ನನ್ನ ಹೆಸರು ಹಿಡಿದು ಶುಭೋದಯ ಹೇಳ್ತು! ಈ ಬೀದೀಲಿ ನನಗೆ ಹೆಸರಿದೆಯಾ, ಹೇಳು? "ಗುಂಡಿ ಅಂಗಡಿ ಅಕ್ಕನ ತಮ್ಮ." ಪೋಸ್ಟ್‌ಮನ್ ಕೂಡ ಹಾಗೇ ಕರೆಯೋದು... ಹೋಗಲಿ ಬಿಡು.

ಕೋಲನ್ನ ಕೊನೆಗೆ ಮೂಲೆ ಅಂಗಡೀಲಿ ತಂದೆ. ಅವನು ನನ್ನ ಹೆಸರೂ ಕೇಳಲಿಲ್ಲ. ಅದಕ್ಕೇ ನೋಡು, ತುದಿಯ ರಬ್ಬರ್ ಆಗಲೇ ಸವೆದಿದೆ.

ಅದೇ ವಾರ ಒಬ್ಬ ಸಲಹೆಗಾರ ಫೋನ್ ಮಾಡಿದ. ನನ್ನ ನಂಬರ್ ಹೇಗೆ ಸಿಕ್ಕಿತೋ, ಚಪ್ಪಲಿ ಅಳತೆ ಸಮೇತ ಗೊತ್ತಿತ್ತು. ಮನುಷ್ಯ ಅಂದ್ರೆ ಮನುಷ್ಯ! ಅಂಗಡಿಗೆ ಬಂದು ಸುತ್ತ ನೋಡಿ "ಅಯ್ಯೋ, ಯಾರು ಬೇಕಾದ್ರೂ ಒಳಗೆ ಬಂದು ನೋಡಬಹುದಾ?" ಅಂದ. ಹೌದು ಅಂದೆ. ಬಾಗಿಲಿಲ್ಲದ ಬಚ್ಚಲು ನೋಡಿದವನ ಹಾಗೆ ಮುಖ ತಿರುಗಿಸಿಕೊಂಡ. ಈ ಯಂತ್ರ, ಈ ಪರದೆ, ಎಲ್ಲ ಅವನ ಸಲಹೆಯೇ. ಮೈಮೇಲೆ ಒಂದೇ ಒಂದು ಗುಂಡಿ ಇರಲಿಲ್ಲ ಅವನಿಗೆ, ಕೊರಳಿಂದ ಸೊಂಟದವರೆಗೂ ಜಿಪ್. ಆಗಲೇ ನನಗೆ ತಿಳೀಬೇಕಿತ್ತು. ಅಲ್ಲ, ತಿಳೀಬೇಕಿತ್ತು ಅಂದ್ರೆ... ಆಧುನಿಕ ಮನುಷ್ಯ ಅಂತ ತಿಳೀಬೇಕಿತ್ತು.

ಗಿರಾಕಿ? ಬರ್ತಾರೆ, ಬರ್ತಾರೆ! ಮೊನ್ನೆ ನಾಟಕದವರ ಬಟ್ಟೆ ಹೊಲಿಯೋ ಹೆಂಗಸು ಬಂದಿದ್ಲು, ಒಂದೇ ಒಂದು ಕಪ್ಪು ಗುಂಡಿಗೆ. "ನಿಮ್ಮ ಬಾಲ್ಯದ ಅಚ್ಚುಮೆಚ್ಚಿನ ಸಂಬಂಧಿ ಯಾರು" ಅನ್ನೋ ಹತ್ತಿರ ಬಂದಾಗ ಕಣ್ಣೀರು ಹಾಕಿಕೊಂಡು, ಸೋದರತ್ತೆಗೆ ಫೋನ್ ಮಾಡ್ತೀನಿ ಅಂತ ಹೊರಟುಹೋದ್ಲು. ಇನ್ನೊಬ್ಬರು ಎಲ್ಲ ಪುಟ ಮುಗಿಸಿದ್ರು, ಆದ್ರೆ ಬಂದಿದ್ದು ಯಾಕೆ ಅಂತ ಮರೆತುಹೋಗಿತ್ತು. ಎದುರಿನ ಟೈಲರ್ ಅಂತೂ ಬೀದಿಗೆಲ್ಲ ಕೇಳೋ ಹಾಗೆ "ಗುಂಡಿ ಕೊಳ್ಳೋಕೆ ಬಂದ್ರೆ ಗುಂಡಿಗೆ ತಳ್ತೀಯಲ್ಲೋ" ಅಂದ. ಅಸೂಯೆ, ಇನ್ನೇನು. ನೋಂದಾಯಿಸಿದವರು ಬೇಕಾದಷ್ಟು ಜನ ಇದಾರೆ ಅಕ್ಕ. ಕೊಂಡವರು... ಅದು ಬೇರೆ ವಿಭಾಗ.

ಯಾಕೆ ಪರದೆ ಕಡೆ ಕಿವಿ ಕೊಡ್ತಿದೀಯ? ಒಳಗೆ ಎಲ್ಲ ಇದ್ದ ಹಾಗೇ ಇದೆ. ಗೋಡೆ ತುಂಬಾ ಡ್ರಾಯರ್, ಒಂದೊಂದರ ಮುಂದೆಯೂ ಮಾದರಿಗೆ ಕಟ್ಟಿದ ಗುಂಡಿ. ಆ ಮಾದರಿ ಗುಂಡಿ ಒಂದೂ ಅಲುಗಿಲ್ಲ, ಆಣೆ ಮಾಡಿ ಹೇಳ್ತೀನಿ. ಎರಡು ಕೈ ಹಾಕಿ ಎಳೀಬೇಕು, ಎಳೆದ್ರೆ ಮಳೆ ಬಿದ್ದ ಹಾಗೆ ಗಲಗಲ ಅನ್ನಬೇಕು, ಅದೇ ಅಂಗಡಿ ಅಂತ ಅಪ್ಪ ಹೇಳ್ತಿದ್ರಲ್ಲ... ಈಗ ಯಾರೂ ಎಳೀತಿಲ್ಲ, ಅದಕ್ಕೇ ಸದ್ದಿಲ್ಲ. ಅಷ್ಟೇ.

"ನೀವು ಯಂತ್ರವಲ್ಲ ಎಂದು ದೃಢಪಡಿಸಿ." ಇಲ್ಲಿ ಸ್ವಲ್ಪ ತೊಡಕಿದೆ. ನಿನ್ನ ಸೊಂಟದಲ್ಲಿ ಈಗ ಉಕ್ಕು ಇದೆಯಲ್ಲ. ಸುಳ್ಳು ಬರೆಯೋ ಹಾಗಿಲ್ಲ. "ಬಹುಮಟ್ಟಿಗೆ ಅಲ್ಲ" ಅಂತ ಹಾಕೋಕೆ ಜಾಗ ಕೊಟ್ಟಿಲ್ಲ ಇವರು... ಕೋಲು ಕೆಳಗಿಡು ಅಕ್ಕ! ಸರಿ, ಮನುಷ್ಯಳು. ಪೂರ್ತಿ ಮನುಷ್ಯಳು. ಒತ್ತಿದೆ.

ಪಾಸ್‌ವರ್ಡ್‌ಗೆ ಅಪ್ಪನ ಅಡ್ಡಹೆಸರು ಹಾಕಿದೆ. "ತುಂಬಾ ದುರ್ಬಲ" ಅಂತಿದೆ. ಅಪ್ಪನ್ನ ನೋಡಿರಲಿಲ್ಲ ಇದು.

ಇದೊಂದೇ ಬಾಕಿ. ಗುಟ್ಟಿನ ಪ್ರಶ್ನೆ. "ನಿಮ್ಮ ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಸಂಗತಿ." ಏನು ಹಾಕೋಣ? ಹೇಳು... ನಾನೇ ಹೇಳ್ಲಾ? ಅಪ್ಪ ಕಲಿಸಿದ ಗಂಟು! ಗುಂಡಿ ತೆಗೆಯುವಾಗ ಲೋಕವೆಲ್ಲ ಮುಂದಿನಿಂದ ಹರಿಯತ್ತೆ. ಟೈಲರ್ ಕೂಡ ಅಷ್ಟೇ. ನಾವು ಮಾತ್ರ ಬಟ್ಟೆ ತಿರುಗಿಸಿ ಹಿಂದಿನಿಂದ ಕತ್ತರಿಸ್ತೀವಿ, ಉಳಿದ ದಾರಕ್ಕೆ ಎರಡು ಗಂಟು ಹಾಕ್ತೀವಿ. ಬಟ್ಟೆಗೆ ಗಾಯ ಆಗಬಾರದು, ಮತ್ತೆ ಹೊಲಿಯುವಾಗ ಜಾಗ ತಪ್ಪಬಾರದು ಅಂತ. ನಿನಗೂ ನನಗೂ ಬಿಟ್ರೆ ಈ ಭೂಮಿ ಮೇಲೆ ಯಾರಿಗೂ ಗೊತ್ತಿಲ್ಲ ಅದು. ಚೆನ್ನಾಗಿದೆ ಅಲ್ವಾ? "ಉತ್ತರ ಬಲವಾಗಿದೆ" ಅಂತಿದೆ, ನೋಡು!

ಕೊರಳಪಟ್ಟಿ ಒಳಗೆ ಏನು ತಡಕ್ತಿದೀಯ ಅಕ್ಕ? ಚಳೀನಾ? ಬಾಗಿಲು ಹಾಕ್ಲಾ?

ಹೋ... ಹಸಿರು ಬಂತು. "ಸ್ವಾಗತ, ಅಕ್ಕ ಏಳು. ನೀವೀಗ ನೋಡಬಹುದು." ಇಷ್ಟು ಬೇಗ ಯಾರಿಗೂ ಬಂದಿರಲಿಲ್ಲ. ಇರು, ಒಂದು ಸಲ ಹೊರಗೆ ಹೋಗಿ ಮತ್ತೆ ಒಳಗೆ ಬಂದ್ರೆ... ಇರು ಅಕ್ಕ, ಮೆಲ್ಲಗೆ, ಸೊಂಟ... ಪರದೆ ನಾನು ಸರಿಸ್ತೀನಿ, ನೀನು...

ನೋಡಿದ್ಯಲ್ಲ? ಎಲ್ಲ ಡ್ರಾಯರ್ ಇದೆ. ಮಾದರಿ ಇದೆ. ಸಾಕು, ಬಾ. ಎಳೀಬೇಡ. ಡಾಕ್ಟರ್ ಭಾರ ಎಳೀಬಾರದು ಅಂದಿದಾರೆ!

...ಒಂದು ಬೆರಳಲ್ಲಿ ಬಂತು ಅಲ್ವಾ.

ಅದೂ ಅಷ್ಟೇ. ಪಕ್ಕದ್ದೂ ಅಷ್ಟೇ. ಮೇಲಿನ ಸಾಲು ನೋಡೋದು ಬೇಡ ಅಕ್ಕ, ಅದೂ ಹೀಗೇ.

ಏನಾದ್ರೂ ಅನ್ನು. ಬೈಯಿ. "ಮುಠ್ಠಾಳ" ಅನ್ನು, ನಿನ್ನ ಬಾಯಲ್ಲಿ ಅದು ಅಭ್ಯಾಸ ಆಗಿರೋ ಮಾತು.

ಪುಕ್ಕಟೆ ಯಾರು ಮಾಡಿಕೊಡ್ತಾರೆ ಅಕ್ಕ, ಈ ಯಂತ್ರ, ಈ ಪರದೆ, ಈ ಪುಟಗಳು? ಗಲ್ಲಾದಲ್ಲಿ ಏನಿತ್ತು? ಆ ಸಲಹೆಗಾರ "ದುಡ್ಡು ಯಾಕೆ, ಸರಕಲ್ಲೇ ಕೊಡಿ, ಕಂತಿನಲ್ಲಿ" ಅಂದ. ಹಳೇ ಗುಂಡಿಗೆ ಫೋನೊಳಗಿನ ಅಂಗಡೀಲಿ ಬೇಡಿಕೆ ಇದೆಯಂತೆ. ಮೊದಲು ಶರಟಿನ ಗುಂಡಿ ಹೋಯ್ತು, ಆಮೇಲೆ ಮುತ್ತಿನ ಚಿಪ್ಪಿಂದು, ಆಮೇಲೆ ಮರದ್ದು... ಒಂದೊಂದು ಕಂತು ಕೊಡುವಾಗಲೂ ಅಂದ್ಕೊಂಡೆ, ಪರದೆ ಎದ್ದ ಮೇಲೆ ಜನ ಮುಗಿಬೀಳ್ತಾರೆ, ಹೊಸ ಸರಕು ತುಂಬಿಸೋಣ ಅಂತ. ಎಲ್ಲ ಕ್ಷೇಮವಾಗಿವೆ, ನಾನೇ ಫೋನಲ್ಲಿ ನೋಡಿದೆ. ನೋಡೋಕೆ... ಮತ್ತೆ ನೋಂದಾಯಿಸಬೇಕಾಯ್ತು.

ಬೇಡ ಅಕ್ಕ. ಕೊರಳಪಟ್ಟಿ ತಿರುಗಿಸಬೇಡ. ಬೆಳಕಿಗೆ ಹಿಡೀಬೇಡ. ನಾನು ಹೇಳಿದೆನಲ್ಲ, ಲಾಂಡ್ರಿಯವರು...

ಹೌದು. ಗಂಟು. ಎರಡು ಗಂಟು.

ಲಾಂಡ್ರಿಯವರಿಗೆ ಬರಲ್ಲ ಅದು. ಬರೋರು ಇಬ್ಬರೇ. ಆವತ್ತು ಮಧ್ಯಾಹ್ನ ಅವರಲ್ಲಿ ಒಬ್ಬಳು ಮಾತ್ರೆ ತಗೊಂಡು ನಿದ್ದೆ ಮಾಡ್ತಿದ್ಲು, ಕೋಟು ಬಾಗಿಲ ಹಿಂದಿನ ಮೊಳೆ ಮೇಲಿತ್ತು.

ಅಪ್ಪನ ಕೊಂಬಿನ ಗುಂಡಿ ಡಬ್ಬಿ ಇತ್ತಲ್ಲ ಅಕ್ಕ, ಆರು ಗುಂಡಿಯ ಸೆಟ್. ಕೊನೇ ಕಂತಿಗೆ ಅದನ್ನೇ ಕೇಳಿದ. ಪೂರ್ತಿ ಸೆಟ್ ಇಲ್ಲದಿದ್ರೆ ಯಂತ್ರ ಶುರು ಮಾಡಲ್ಲ ಅಂದ. ಡಬ್ಬಿ ತೆಗೆದೆ... ಐದೇ ಇತ್ತು.